ಎಂಟುನೂರು ಲಾರಿ

ಲಾರಿ ಎಂದರೆ ಇಲ್ಲಿ ದುಡ್ಡು. ಚಕ್ರವಿಲ್ಲ,
ಆದರೂ ಉರುಳಿಹೋಗುತ್ತದೆ.
ನುಗ್ಜಾರನ ಒಳಜೇಬಿನಲ್ಲಿ ಎಂಟುನೂರಿವೆ,
ಬಟುಮಿಯ ಕಡಲದಂಡೆಯಲ್ಲಿ ಬೇಸಿಗೆಯಿಡೀ
ಯಾರ್ಯಾರದೋ ಮಕ್ಕಳನ್ನು ನಗಿಸಿ ಕೂಡಿಟ್ಟದ್ದು.

ಗಾಜಿನ ಮೇಲೆ ಎರಡು ಕ್ಯಾಮೆರಾ, ಇನ್ನೂ ಕಣ್ಣಿಲ್ಲದವು.
ಒಂದು ಹೊಸದು, ಹಗುರ, ಬೆನ್ನಿನ ಪರದೆ
ಬೇಕಾದತ್ತ ಹೊರಳುತ್ತದೆ;
ಒಳಗೆ ಮೋಟರಿಲ್ಲ, ಇವನ ಹಳೇ ಲೆನ್ಸನ್ನು
ಬೆರಳಿಂದಲೇ ತಿರುಗಿಸಬೇಕು,
ಅಷ್ಟರಲ್ಲಿ ಮಗು ಓಡಿರುತ್ತದೆ.
ಇನ್ನೊಂದು ಕಲ್ಲಿನ ಭಾರ. ಹಿಡಿಯ ರಬ್ಬರು
ಯಾರದೋ ಹೆಬ್ಬೆರಳಿಗೆ ಸವೆದಿದೆ.
ತೊಂಬತ್ತೆರಡು ಸಾವಿರ ಸಲ ರೆಪ್ಪೆ ಬಡಿದಿದೆ.

"ಇನ್ನೆಷ್ಟು ಬಡಿದೀತು?"
ಅಂಗಡಿಯ ತ್ಸಿಯಾಲಾ ಸೂರ್ಯಕಾಂತಿ ಸಿಪ್ಪೆ ಉಗುಳಿ,
"ನನ್ನ ಗಂಡನ ಎದೆ ಬಗ್ಗೆ
ಡಾಕ್ಟರನ್ನೂ ಹೀಗೇ ಕೇಳಿದ್ದೆ" ಎಂದಳು.
ಮುಂದೆ ಹೇಳಲಿಲ್ಲ.

ಅವನು ಭಾರದ್ದನ್ನೆತ್ತಿ ಕಿವಿಗೆ ಹಿಡಿದ. ಒತ್ತಿದ.
ತೊಂಬತ್ತೆರಡು ಸಾವಿರದ ಒಂದು.
ಮತ್ತೊಮ್ಮೆ ಒತ್ತಹೋದವನು
ಆಗಲೇ ತನ್ನದೆಂಬ ಜಿಪುಣತನದಲ್ಲಿ
ಬೆರಳು ಹಿಂದೆಗೆದುಕೊಂಡ.

ತ್ಸಿಯಾಲಾ ಸುತ್ತಿಕೊಡಲು
ಹಳೇ ಪೇಪರು ಹುಡುಕತೊಡಗಿದಳು.