ಶೇಕಡಾ ನಲವತ್ತು

ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು
ಆಕಾಶದ ಸುದ್ದಿ ಓದುವುದು ನನ್ನ ಉದ್ಯೋಗ.
ಗೋಡೆ ತುಂಬ ಮೊಟ್ಟೆ ಟ್ರೇಗಳಂಥ ಸ್ಪಂಜು,
ಬಾಗಿಲಿಗೆ ಹಳೆಯ ಕಂಬಳಿ;
ಒಳಗೆ ನಾನು, ಮೈಕು, ಆರಿದ ಕಾಫಿ,
ಟಲ್ಸಾದಿಂದ ಬಂದ ಒಂದು ಹಾಳೆ.

"ಬುಧವಾರ ಮಧ್ಯಾಹ್ನ ತೆಂಕಣಗಾಳಿ, ಸೆಕೆ.
ಸಂಜೆಗೆ ಗುಡುಗು, ಬಿರುಗಾಳಿ.
ಜಿಲ್ಲೆಯ ದಕ್ಷಿಣಕ್ಕೆ ಆಲಿಕಲ್ಲು ಬೀಳಬಹುದು,
ಉತ್ತರಕ್ಕೆ ಸಾಧ್ಯತೆ ಶೇಕಡಾ ನಲವತ್ತು.
ಗುರುವಾರದಿಂದ ತಂಪು."

ಹದಿನೇಳು ಏಪ್ರಿಲ್‌ಗಳಿಂದ ಓದುತ್ತಿದ್ದೇನೆ.
'ಬಹುದು' ಎಂಬುದನ್ನು ನನ್ನಷ್ಟು ಸಲ ಅಂದವರು
ಈ ಓಝಾರ್ಕ್ ಗುಡ್ಡಗಳಲ್ಲಿ ಇನ್ನೊಬ್ಬರಿಲ್ಲ.
ಪಾದ್ರಿಗಂತೂ ಆ ಪದವೇ ಗೊತ್ತಿಲ್ಲ.

ಓದಿ ಮುಗಿಸುವ ಮೊದಲೇ ಫೋನು.
ಓಪಲ್ ಟ್ಯಾಕೆಟ್, ಎಂದಿನಂತೆ:
"ಟೊಮೆಟೊ ಸಸಿ ನೆಡಲೋ ಬೇಡವೋ, ಅಷ್ಟು ಹೇಳು."
ಗುರುವಾರ ತಂಪಂತೆ, ಎಂದೆ.
"ಅದಕ್ಕೆ ಉಪಗ್ರಹ ಬೇಕಾಯ್ತೇನೋ?
ಡಾಗ್‌ವುಡ್ ಹೂ ಬಿಟ್ಟು ಐದು ದಿನ,
ಅದರ ಪಾಲಿನ ಚಳಿ ಬಾಕಿ ಇತ್ತು, ಬರ್ತಿದೆ.
ಆಮೇಲೆ ಬ್ಲ್ಯಾಕ್‌ಬೆರಿ ಹೂವಿಂದು ಇನ್ನೊಂದು.
ಅದೂ ಕಳೆದ ಮೇಲೇ ನನ್ನ ಸಸಿ ನೆಲ ಕಾಣೋದು."
ಮತ್ತೆ ಕೇಳಿದ್ದೇಕೆ?
"ನಿನಗೆ ಗೊತ್ತೋ ಇಲ್ವೋ ನೋಡೋಣ ಅಂತ."

ಆರೂಮುಕ್ಕಾಲಿಗೆ ಸೈರನ್.
ಟ್ರೈಲರ್ ಮನೆಗಳವರು ಚರ್ಚಿನ ನೆಲಮಾಳಿಗೆಗೆ, ಎಂದು
ಮೂರು ಸಲ ಹೇಳಿದೆ, ನಾಲ್ಕನೆಯದು ಹೆಸರು ಹಿಡಿದು:
ಏಳು ಹರ್ಟಿನಾ, ಮಕ್ಕಳನ್ನು ಕರಕೊಂಡು ಹೊರಡು.
ಕೋಳಿ ಕಾರ್ಖಾನೆಯಲ್ಲಿ ರಾತ್ರಿಪಾಳಿಯವಳು,
ಸಂಜೆಯೆಂದರೆ ಅವಳಿಗೆ ಗಾಢ ನಿದ್ದೆಯ ಹೊತ್ತು.
ಮಾರ್ಷಲ್ ದ್ವೀಪದಲ್ಲಿ ಹುಟ್ಟಿ ಕಡಲನ್ನು ಓದಬಲ್ಲವಳಿಗೆ
ನಮ್ಮ ಈ ಹಸಿರುಗಟ್ಟಿದ ಮುಗಿಲು
ಇನ್ನೂ ತಿಳಿಯದ ಲಿಪಿ.

ತಗಡಿನ ಮಾಡಿನ ಮೇಲೆ ಒಂದು ಕಲ್ಲು.
ಇನ್ನೊಂದು.
ಆಮೇಲೆ ಲೆಕ್ಕ ತಪ್ಪಿತು.
ಹಾಳೆ ಕೈಯಲ್ಲೇ ಇತ್ತು, ತುಟಿ ಆಡುತ್ತಿತ್ತು,
ನನ್ನ ದನಿ ನನಗೇ ಕೇಳಲಿಲ್ಲ.
ಇಷ್ಟು ವರ್ಷ ಪರವಾಗಿ ಮಾತಾಡಿಸಿಕೊಂಡ ಆಕಾಶ
ಅಂದು ತಾನೇ ಮೈಕಿಗೆ ಬಂದಿತ್ತು;
ನಾನು ಗುಂಡಿಯ ಮೇಲೆ ಬೆರಳಿಟ್ಟು ಕೂತೆ.
ಅಂದ ಹಾಗೆ, ನಮ್ಮ ಸ್ಟೇಷನ್ ಇರುವುದು
ಜಿಲ್ಲೆಯ ಉತ್ತರಕ್ಕೆ.

ಗುರುವಾರ ಬಾಗಿಲು ತೆಗೆದರೆ ಉಸಿರು ಹೊಗೆಯಾಡಿತು.
ನಿನ್ನೆ ಎಂಬತ್ತೆರಡಿದ್ದದ್ದು ಇವತ್ತು ಮೂವತ್ತೊಂಬತ್ತು.
ಜಗಳ ಮುಗಿದ ಮನೆಯ ಒಲೆಯ ಹಾಗೆ ಊರು.
ಡಾಗ್‌ವುಡ್ಡಿನ ಬಿಳಿಯೆಲ್ಲ ರಸ್ತೆಯ ಕೆಸರಲ್ಲಿ.
ಹರ್ಟಿನಾಳ ಕಿರಿಮಗ ಚರ್ಚಿನ ಕಂಬಳಿ ಹೊದ್ದೇ
ಶಾಲೆಯ ಬಸ್ಸಿಗೆ ಕಾಯುತ್ತಿದ್ದ.

ಎಂಟಕ್ಕೆ ಡ್ವೇನ್ ಪ್ರುಯಿಟ್ ಬಂದ.
ಹೂಸಸಿ ಬೆಳೆಯುವ ಗಾಜಿನಮನೆ ಅವನದು,
ಇನ್ನೂರ ಹನ್ನೊಂದು ಗಾಜು; ಉಳಿದದ್ದು ಆರು.
ಬೈಯಲಿಲ್ಲ. ಟೋಪಿಯನ್ನೂ ತೆಗೆಯಲಿಲ್ಲ.
ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಬಿಚ್ಚಿ
ಬಾತುಮೊಟ್ಟೆಯಂಥ ಆಲಿಕಲ್ಲೊಂದನ್ನು
ನನ್ನ ಹೊಸ ಹಾಳೆಯ ಮೇಲಿಟ್ಟ.
"ತಗೋ, ನಿನ್ನ ನಲವತ್ತು.
ಉಳಿದ ಅರವತ್ತು ಎಲ್ಲಿ ಹೋಯಿತೋ ಹುಡುಕ್ತಿದ್ದೀನಿ."

ಕಾಫಿ ಕೊಟ್ಟೆ. ನಿಂತೇ ಕುಡಿದ.
"ನಿನ್ನೆಯದಾ ಇದು?"
ಹೌದು.

ಕೆಂಪು ದೀಪ ಹತ್ತಿತು, ಓದಬೇಕು.
ಕಲ್ಲು ಆಗಲೇ ಬೆವರುತ್ತಿತ್ತು,
ಒಳಗೆ ಈರುಳ್ಳಿಯ ಹಾಗೆ ಪದರು ಪದರು:
ಬೀಳುವ ಮೊದಲು ಎಷ್ಟು ಸಲ
ಮೇಲಕ್ಕೇ ಹೊತ್ತೊಯ್ದಿತ್ತೋ ಗಾಳಿ ಅದನ್ನು.
"ಇಂದು ತಂಪು, ನಾಳೆಯೂ ತಂಪು,
ಶನಿವಾರ..."
ಶನಿವಾರದ ಮೇಲೆ ನೀರು ಹರಿದು
ಶಾಯಿ ಕದಡಿಹೋಗಿತ್ತು.
ಡ್ವೇನ್ ಬಗ್ಗಿ ನೋಡಿದ. ನಾನೂ ನೋಡಿದೆ.
ಗುಡ್ಡದಾಚೆ ಓಪಲ್ ಕಿವಿ ನಿಮಿರಿಸಿರಬೇಕು.
"ಶನಿವಾರ," ಎಂದೆ,
"ಕಿಟಕಿ ಇದ್ದವರು ಯಾರಾದರೂ
ನೋಡಿ ಹೇಳಿ."