ಬೇಲಿಯಾಚೆಯ ನಿಂಬೆ

ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರದ ಪಕ್ಕ,
ಹಳೇ ಕಂಬಳಿ ಹೊದ್ದು ಕೂತಿದೆ ಎಂಟನೇ ಡ್ರಮ್ಮು.
ನಿಮಿಷಕ್ಕೊಮ್ಮೆ ಗುಳುಕ್ ಎನ್ನುತ್ತದೆ,
ನಿದ್ದೆಗಣ್ಣಲ್ಲಿ ಏನೋ ಹೇಳಹೋಗಿ ನುಂಗಿಕೊಂಡ ಹಾಗೆ.
ಹೋಬಾರ್ಟಿನ ಕೊನೆಯ ಫೆರ್ರಿ ಕಟ್ಟಿಹಾಕಿ ಬಂದವಳು ನಾನು,
ಅಂಗೈಯಲ್ಲಿನ್ನೂ ಹಗ್ಗದ ಒದ್ದೆ, ಡೀಸೆಲ್ಲು.
ತೊಳೆಯದೆ ಮುಟ್ಟುವಂತಿಲ್ಲ.
ಈ ಮನೆಯಲ್ಲಿ ಮಡಿ ಅಂತ ಇದ್ದರೆ ಇದೊಂದಕ್ಕೇ.

ನಾನು ನಕಲು ಮಾಡಹೊರಟದ್ದು
ಯಾವ ಅಂಗಡಿಯಲ್ಲೂ ಸಿಗುತ್ತಿದ್ದ ಒಂದು ಏಲ್.
ಚೀಟಿಯ ಮೇಲೆ ದೀಪಸ್ತಂಭ, ಅದರ ಕಾಲಬುಡದಲ್ಲಿ
ಇರುವೆಸಾಲಿನ ಅಕ್ಷರ: ನೀರು, ಮಾಲ್ಟು, ಹಾಪ್ಸು, ಯೀಸ್ಟು.
ಅಷ್ಟೇ. ಮುಚ್ಚಳ ತೆಗೆದರೆ ಮಾತ್ರ
ಯಾರೋ ಪಕ್ಕದ ಕೋಣೆಯಲ್ಲಿ
ಚಕ್ಕೋತ ಸುಲಿಯುತ್ತಿದ್ದಾರೆ ಅನ್ನಿಸುತ್ತಿತ್ತು.
ಉಗುರು ನೆಟ್ಟ ಮೊದಲ ಕ್ಷಣ ಚಿಮ್ಮುತ್ತದಲ್ಲ, ಅದು.
ಎರಡನೇ ಕ್ಷಣದ್ದಲ್ಲ.

ಕೊಂಡು ಕುಡಿಯಬಾರದೆ, ಅಂದಳು ತಂಗಿ ಡೆಲ್ಫಿನ್.
ಕುಡಿಯಬಹುದು.
ಆ ಪಕ್ಕದ ಕೋಣೆಗೆ ನಾನೂ ಒಮ್ಮೆ ಹೋಗಬೇಕಿತ್ತು.

ಬೇಲಿಯಾಚೆ ಕೋಸ್ತಾ ವ್ಲಾಹೋಸ್, ಎಂಬತ್ತೊಂದು ವರ್ಷ.
ಸಿಮೆಂಟಿನಂಗಳ ಒಡೆದು ನೆಟ್ಟ ಅವನ ನಿಂಬೆಮರ
ಒಂದು ಕೊಂಬೆ ನಮ್ಮ ಕಡೆಗೂ ಚಾಚಿದೆ.
'ನಿಂಬೆಯಿಲ್ಲದೆ ನಿಂಬೆಯ ವಾಸನೆ
ಎಲ್ಲಿಂದ ಬರುತ್ತದೆ, ಮೆರಿನ್?'
ಬಕೆಟ್ಟು ತುಂಬ ಕೊಟ್ಟ.

ಮೊದಲ ಡ್ರಮ್ಮಿಗೆ ಸಿಪ್ಪೆ, ಬಿಳಿಯ ಸಮೇತ:
ಕಹಿ, ಜ್ವರ ಬಂದ ನಾಲಿಗೆಯ ಕಹಿ.
ಎರಡನೆಯದಕ್ಕೆ ಹಳದಿ ಮಾತ್ರ, ತುರಿದು:
ಪಾತ್ರೆ ತಿಕ್ಕುವ ಸಾಬೂನು.
ಮೂರಕ್ಕೆ ಕಿತ್ತಳೆ, ಕೊತ್ತಂಬರಿ ಬೀಜ.
ಅದನ್ನು ಅನ್ನಕ್ಕೆ ಕಲಸಿಕೊಳ್ಳಬಹುದಿತ್ತು.
ಕೋಸ್ತಾ ಮೂರನ್ನೂ ಕುಡಿದು ಚೆನ್ನಾಗಿದೆ ಎಂದ.
ಅವನ ಸಾಕ್ಷಿ ನಡೆಯುವುದಿಲ್ಲ, ನಿಂಬೆ ಅವನದೇ.

ಮಾರ್ಚಿ ತಿಂಗಳು, ಡರ್ವೆಂಟ್ ಹೊಳೆಯ ಜೊತೆಗೇ
ಮೇಲಕ್ಕೆ ಹೋದೆ, ಹಾಪ್ಸ್ ಕೊಯ್ಲಿನ ಕಡೆಗೆ.
ತಂತಿ ಹಿಡಿದು ಆಕಾಶಕ್ಕೆ ಹತ್ತಿದ ಬಳ್ಳಿಗಳನ್ನು
ಬುಡಸಹಿತ ಇಳಿಸುತ್ತಿದ್ದರು.
ಒಣಗಿಸುವ ಮನೆಯ ಆಡ್ರಾ ಪಿಟ್‌ಮನ್
ಒಂದು ಹಸಿರು ಹೂವನ್ನು ಅಂಗೈಯಲ್ಲಿ ಹೊಸಕಿ
ನನ್ನ ಮೂಗಿಗೆ ಹಿಡಿದಳು.
ಎಸಳ ಬುಡದಲ್ಲಿ ಅರಿಶಿನದಂಥ ಪುಡಿ.
ಪುಡಿಯೊಳಗೆ
ಪಕ್ಕದ ಕೋಣೆ.

'ಎಷ್ಟು ಹೊತ್ತು ಕುದಿಸುತ್ತೀ?'
ಒಂದು ಗಂಟೆ, ಅಂದೆ.
ಅವಳು ನಕ್ಕದ್ದು ನನಗಿನ್ನೂ ಕೇಳಿಸುತ್ತದೆ.
'ಕಹಿಗೆ ಕುದಿ ಬೇಕು, ಘಮಕ್ಕೆ ಬೇಡ.
ಒಲೆ ಆರಿಸು. ಹಬೆ ಅಡಗಲಿ. ಆಮೇಲೆ ಹಾಕು.
ಹುದುಗು ಇಳಿದ ಮೇಲೆ ಇನ್ನೊಮ್ಮೆ, ತಣ್ಣಗೆ.'
ಅಂದರೆ ಇಷ್ಟು ದಿನ ನಾನು ಹುಡುಕುತ್ತಿದ್ದುದನ್ನು
ನಾನೇ ಕಿಟಕಿಯಿಂದ ಬೀದಿಗೆ ಬಿಟ್ಟಿದ್ದೆ.
ನಾಯಿ ತಿರುಗಾಡಿಸುವವರು ಮೂಗಿನಲ್ಲೇ ಕುಡಿದು ಹೋಗಿದ್ದರು.

ನಾಲ್ಕು ಚಪ್ಪಟೆ. ಐದಕ್ಕೆ ನೀರಿಗೊಂದು ಚಮಚ ಜಿಪ್ಸಮ್.
ಆರು ಸೆಕೆಗೆ ಕೆಟ್ಟು ಬಾಳೆಹಣ್ಣಾಯಿತು.
ಏಳು.
ಏಳನ್ನು ಬಾಯಿಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತೆ.
ಹದ ಅನ್ನುವುದು ಅಳತೆಯಲ್ಲ,
ಅಳತೆಗಳೆಲ್ಲ ಸುಮ್ಮನಾದ ಮೇಲಿನದು.

ಪಕ್ಕಪಕ್ಕ ಇಟ್ಟು ನೋಡೋಣವೆಂದು ಅಂಗಡಿಗೆ ಓಡಿದರೆ
ದೀಪಸ್ತಂಭವಿಲ್ಲ. ಅಲ್ಲೊಂದು ಗಿಳಿ.
ಕಂಪನಿ ಯಾರದೋ ಕೈಗೆ ಹೋಗಿದೆಯಂತೆ. 'ಹೊಸ ರುಚಿ!'
ಮೆಟ್ಟಿಲ ಕೆಳಗೆ ಕಾದಿಟ್ಟ ಹಳೇ ಬಾಟಲಿ ಒಂದಿತ್ತು.
ತೆರೆದೆ. ನೆಂದ ರಟ್ಟು, ಜೇನಿನ ತಳ.
ಚಕ್ಕೋತ ಸುಲಿಯುತ್ತಿದ್ದವರು ಎಂದೋ
ದೀಪ ಆರಿಸಿ ಎದ್ದು ಹೋಗಿದ್ದರು.
ಮೂಲವಿಲ್ಲದ ನಕಲು ಹಿಡಿದು
ಎಷ್ಟು ಹೊತ್ತು ಕೂತಿದ್ದೆನೋ.

ಸಂಜೆ ಬೇಲಿಯ ಮೇಲಿಂದ ಕೋಸ್ತಾನಿಗೊಂದು ಲೋಟ.
ಕುಡಿದ. ಈ ಸಲ ಚೆನ್ನಾಗಿದೆ ಎನ್ನಲಿಲ್ಲ.
'ಇದರಲ್ಲಿ ನನ್ನವು ಎಷ್ಟು?'
ಒಂದೂ ಇಲ್ಲ, ಅಂದೆ.
ಮತ್ತೆ ಮೂಸಿದ. ತಲೆಯೆತ್ತಿ ಮರ ನೋಡಿದ.
'ಸುಳ್ಳಿ,' ಅಂದು, ಲೋಟ ಕೊಡದೆ ಒಳಗೆ ಹೋದ.

ಎಂಟನೆಯದಕ್ಕೆ ಒಂದೇ ಒಂದು ನಿಂಬೆಯ ಸಿಪ್ಪೆ ಹಾಕಿದ್ದೇನೆ,
ಉಗುರಿನಷ್ಟು. ರುಚಿಗಲ್ಲ.
ಮುಂದಿನ ಸಲ ಅವನು ಕೇಳಿದಾಗ
ನಿಜ ಹೇಳುವುದಕ್ಕೆ.