ಮೂರು ನಿಮಿಷಕ್ಕೊಮ್ಮೆ

ಮೊದಲು ಬಿಡುವುದನ್ನು ಕಲಿ, ಅಂದ ಟಾನೆಲ್,
ಮೂರನೇ ಮಹಡಿಯ ಹುಡುಗ, ಒಂದೇ ಕಿವಿಗೆ ಓಲೆ,
ನನ್ನ ಹಳೇ ಲ್ಯಾಪ್‌ಟಾಪಿನ ಧೂಳನ್ನು ತೋಳಲ್ಲೇ ಒರೆಸುತ್ತ.
ಎಕ್ಕದ ಜೋಡಿ ಬಂದರೆ ಹಿಡಿ,
ರಾಜನೂ ರಾಣಿಯೂ ಬಂದರೆ ಯೋಚಿಸು,
ಗುಲಾಮನ ಚೆಲುವಿಗೆ ಮರುಳಾಗಬೇಡ,
ಏಳು ಎರಡು ಬಂದರೆ
ಮುಖವನ್ನೂ ನೋಡದೆ ಎಸೆ, ಹೆಲ್ವೆ.

ಬಿಡುವುದನ್ನು ನನಗೆ ಕಲಿಸುತ್ತೀಯಾ, ಮಗನೇ?
ಮೂವತ್ತೊಂದು ವರ್ಷ ಈ ಟಾಲಿನ್ನಿನಲ್ಲಿ
ಟ್ರಾಮ್ ಬಿಟ್ಟವಳು ನಾನು.
ಕೊಪ್ಲಿಯ ಕೊನೆಯ ನಿಲ್ದಾಣಕ್ಕೆ ಹೋಗಿ, ಬಂದು, ಹೋಗಿ,
ಪಕ್ಕದ ಕನ್ನಡಿಯಲ್ಲಿ
ಹಿಮ ತುಳಿದು ಓಡಿ ಬರುವವರನ್ನು ಕಂಡೂ
ಬಾಗಿಲು ಮುಚ್ಚಿದವಳು.

ಆರು ಕುರ್ಚಿ. ತಲಾ ಎರಡು ಯೂರೋ.
ಸಾವಿರದೈನೂರು ಬಿಲ್ಲೆ, ಗಾಳಿಯಲ್ಲಿ ಕೆತ್ತಿದವು.
ಆರನೆಯವನು ಕೂತ ಗಳಿಗೆಯೇ ಆಟ ಶುರು.
ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣ
ಹತ್ತು ಇಪ್ಪತ್ತು,
ಮೂರು ನಿಮಿಷಕ್ಕೆ ಹದಿನೈದು ಮೂವತ್ತು,
ಆಮೇಲೆ ನೀರಿನ ಬಿಲ್ಲಿನ ಹಾಗೆ
ಯಾಕೆ ಏರಿತೆಂದು ಕೇಳುವಂತಿಲ್ಲ.
ಸುಮ್ಮನೆ ಕೂತವನೂ ಕರಗುತ್ತಾನೆ, ಅಂದ ಟಾನೆಲ್.
ಅದು ನನಗೆ ಗೊತ್ತಿತ್ತು.

ಜಾಮಿನ ಖಾಲಿ ಡಬ್ಬಿಯಲ್ಲಿ ಇಪ್ಪತ್ತು ಯೂರೋ:
ಇದು ಮುಗಿದರೆ ಮುಗಿಯಿತು,
ಪಿಂಚಣಿಗೆ ಕೈ ಹಾಕಿದರೆ
ನಾನೇ ಬಂದು ತಂತಿ ಕೀಳುತ್ತೇನೆ.
ತಂತಿ ಎಲ್ಲಿದೆ ಈಗ, ಎಲ್ಲ ಗಾಳಿಯಲ್ಲೇ ಬರುತ್ತದಲ್ಲ,
ಅಂದೆ. ನಕ್ಕ.

ಮೊದಲ ಆಟ ಎರಡು ನಿಮಿಷ.
ಇಬ್ಬರು ರಾಣಿಯರನ್ನು ನಂಬಿ ಎಲ್ಲವನ್ನೂ ನೂಕಿದೆ,
ಹುರುಳಿಲ್ಲದ ಮೂರರ ಜೋಡಿಗೆ
ನದಿಯಲ್ಲಿ ಇನ್ನೊಂದು ಮೂರು ಸಿಕ್ಕಿತು.
ಕೊನೆಯ ಎಲೆಗೆ ಇವರು ನದಿ ಅನ್ನುತ್ತಾರೆ,
ಯಾರು ಮುಳುಗಿದ ಮೇಲೆ ಇಟ್ಟ ಹೆಸರೋ.
ಎರಡನೆಯದು, ಮೂರನೆಯದು ಹೇಳುವಂಥದ್ದಲ್ಲ.
ನಾಲ್ಕರಲ್ಲಿ ಕೆಫೀರ್ ಚೆಲ್ಲಿ ಕೀಲಿಮಣೆ ಅಂಟಾಯಿತು,
ಬಿಡು ಒತ್ತಿದರೆ ಹಿಡಿ ಅಂದುಕೊಂಡಿತು,
ಆಶ್ಚರ್ಯ, ಆ ಕೈ ಗೆದ್ದೆ.

ಆರನೆಯ ಆಟಕ್ಕೆ ಕೈ ನಡುಗಲಿಲ್ಲ.
ಬಿಟ್ಟೆ. ಬಿಟ್ಟೆ. ಚಹಾ ಕುಡಿದೆ. ಬಿಟ್ಟೆ.
ಅತ್ತ ನಾಲ್ವರು ತಮ್ಮತಮ್ಮಲ್ಲೇ ಕಚ್ಚಾಡಿ
ಒಬ್ಬೊಬ್ಬರಾಗಿ ಇಳಿದು ಹೋದರು.
ಉಳಿದವರು ಇಬ್ಬರು:
ನಾನು, ಮತ್ತು 'ಉಪ್ಪುಮೀನು' ಎಂಬ ಹೆಸರಿನವನು,
ಅಥವಾ ಹೆಸರಿನವಳು.

ಆಗ ಅವನ ಚೌಕ ಬೂದಾಯಿತು.
ಸಂಪರ್ಕ ಹೋಗಿದೆ, ಅಂತ ಬರೆದು ಬಂತು.
ಅವನ ಸರದಿ ಬಂದಾಗಲೆಲ್ಲ ಯಂತ್ರವೇ ಅವನ ಎಲೆ ಎಸೆಯುತ್ತದೆ,
ಕಟ್ಟಿದ ಪಣ ನನ್ನತ್ತ ಜಾರುತ್ತದೆ.
ಬೇಗ ಬೇಗ ಒತ್ತು! ಟಾನೆಲ್ ಎದ್ದು ನಿಂತ.
ಬಿಟ್ಟಿ ಬಿಲ್ಲೆ, ಹೆಲ್ವೆ, ಒತ್ತು!

ಎಲ್ಲೋ ಒಬ್ಬ ಈಗ
ರೂಟರಿನ ಮುಂದೆ ಮಂಡಿಯೂರಿದ್ದಾನೆ.
ಕನ್ನಡಿಯಲ್ಲಿ ಕಂಡೆ ಅವನನ್ನು,
ಒಂದು ಕೈಯಲ್ಲಿ ಚೀಲ,
ಇನ್ನೊಂದನ್ನು ಬೀಸುತ್ತ.

ಪ್ರತಿ ಕೈಗೆ ನನಗೆ ಹದಿನೈದು ಸೆಕೆಂಡು.
ಹದಿನಾಲ್ಕನ್ನೂ ಕಳೆದೆ.
ಮತ್ತೆ ಹದಿನಾಲ್ಕು.
ಪಣ ಏರಿತು. ಟಾನೆಲ್ ತಲೆಗೂದಲು ಹಿಡಿದುಕೊಂಡ.
ಮತ್ತೆ.

ಚೌಕಕ್ಕೆ ಬಣ್ಣ ಬಂತು.
ಬಂದವನೇ ಇದ್ದಬದ್ದದ್ದೆಲ್ಲ ನೂಕಿದ.
ನನ್ನ ಕೈಯಲ್ಲಿ ಇಸ್ಪೀಟಿನ ಎಕ್ಕ, ಆಟೀನಿನ ರಾಜ. ಹಿಡಿದೆ.
ಅವನದು ಏಳು, ಎರಡು.
ನೆಲದ ಮೇಲೆ ಏಳೂ ಬಂತು, ಎರಡೂ ಬಂತು.
ಇನ್ನೆರಡು ಕೈ, ಅಷ್ಟೇ,
ನಾನು ಇಳಿದೆ.

ಎರಡನೆಯ ಸ್ಥಾನ: ಮೂರು ಯೂರೋ ತೊಂಬತ್ತು ಸೆಂಟು.
ಇದು ಆಟವಲ್ಲ, ಧರ್ಮಛತ್ರ, ಅಂತ ಬೈದು
ಟಾನೆಲ್ ಮೆಟ್ಟಿಲು ಹತ್ತಿದ, ಜೋರಾಗಿ ಕೇಳುವಂತೆ.
ಪರದೆಯ ಮೂಲೆಯಲ್ಲಿ ಉಪ್ಪುಮೀನು
ಯಾವುದೋ ಭಾಷೆಯಲ್ಲಿ ಒಂದು ಪದ ಬರೆದಿತ್ತು.
ಬೈಗುಳವೂ ಇರಬಹುದು.

ಡಬ್ಬಿಯಲ್ಲಿ ಈಗ ಹನ್ನೊಂದು ಯೂರೋ ತೊಂಬತ್ತು, ನಾಲ್ಕನೆಯ ಆಟದ ಒಂದೆರಡು ಸೆಂಟು
ಎಲ್ಲಿ ಹೋಯಿತೋ ಲೆಕ್ಕ ಸಿಗುತ್ತಿಲ್ಲ.
ಹೊರಗೆ ಹನ್ನೊಂದೂವರೆಯ ಟ್ರಾಮ್ ತಿರುವಿನಲ್ಲಿ ಕಿರುಚಿತು.
ಒಂದು ನಿಮಿಷ ತಡ.
ಯಾರು ಓಡಿಸುತ್ತಿದ್ದಾರೋ.